ಇಪ್ಪತ್ಮೂರು ಗೀಟಿನ ಕದ

ಬಿಸ್ಕೀಟಿನ ಪುಡಿಕೆ ಒಡೆದರೆ ಮೊದಲು ಎಣಿಸಿ, ಆಮೇಲೆ ತಿನ್ನುವವಳು ನಾನು. ಹಾಲಿನವನು ಅಳೆಯುವಾಗ ಅವನ ಮುಖ ನೋಡುವುದಿಲ್ಲ, ಹೆಬ್ಬೆರಳು ನೋಡುತ್ತೇನೆ. ಅದು ಅಳತೆಯ ಒಳಗಿದೆಯೋ ಹೊರಗಿದೆಯೋ ಎಂದು. ಮನೆಗೆ ವಾಷಿಂಗ್ ಮಶೀನ್ ಬಂದ ಮೇಲೆ ಒಂದು ಕಾಲುಚೀಲ ಕಾಣೆಯಾಯಿತು. ಅಂದಿನಿಂದ ಆ ಮಶೀನಿನ ಮೇಲೂ ನನಗೊಂದು ಕಣ್ಣು. ನಮ್ಮನೆಯವರು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರ್ ಆದವರು. ಅವರು ಏನನ್ನೂ ಎಣಿಸುವುದಿಲ್ಲ. ನಾನು ಕಾನ್ವೆಂಟಿನಲ್ಲಿ ಇಂಗ್ಲಿಷ್ ಪೊಯೆಟ್ರಿ ಬಾಯಿಪಾಠ ಮಾಡಿದವಳು; ಎಲ್ಲವನ್ನೂ ಎಣಿಸುತ್ತೇನೆ. ವಿದ್ಯೆ ಯಾರಿಗೆ ಎಲ್ಲಿ ಹೋಗಿ ಹತ್ತುತ್ತದೋ ಹೇಳಲಾಗದು.

ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ನನ್ನ ಈ ಸಸ್ಪಿಶಸ್ ನೇಚರಿನ ಕಥೆಯೇ. ಅದು ಶುರುವಾದದ್ದು ನಮ್ಮ ಹಿತ್ತಲಿನ ಬೇವಿನ ಮರದಿಂದ.

ಹಾನಗಲ್ಲಿನ ನಮ್ಮ ಮನೆಯ ಹಿತ್ತಲಲ್ಲಿ ಆ ಮರ ಕಂಪೌಂಡಿನ ಮೇಲೆ ವಾಲಿಕೊಂಡಿತ್ತು. ಕಡಿಸಿದೆವು. ಒಡೆದ ಕಟ್ಟಿಗೆ ಗುಡ್ಡೆಯಾಗಿ ಬಿತ್ತು. ನಮ್ಮನೆಯವರಿಗೆ ಇಂದಿಗೂ ಬಚ್ಚಲ ಒಲೆಗೆ ಕಟ್ಟಿಗೆ ಹಾಕಿ ಕಾಸಿದ ನೀರೇ ಆಗಬೇಕು. ಗೀಜರಿನ ನೀರಿಗೆ ವಾಸನೆಯೇ ಇಲ್ಲ ಎನ್ನುತ್ತಾರೆ. ನೀರಿಗೆ ವಾಸನೆ ಯಾಕಿರಬೇಕು ಎಂದು ನಾನು ಕೇಳಿಲ್ಲ. ಐವತ್ತು ವರ್ಷ ಸಂಸಾರ ಮಾಡಿದವರು ಇಂಥವನ್ನೆಲ್ಲ ಕೇಳುವುದಿಲ್ಲ. ಮಳೆಗಾಲ ಬರುವುದರೊಳಗೆ ಆ ಕಟ್ಟಿಗೆಗೆ ಒಂದು ಸೂರು ಬೇಕಾಯಿತು.

"ಕಟ್ಟಿಗಿಗೆ ಮನಿ ಕಟ್ಟಾಕ ಹೊಸಾ ಕಟ್ಟಿಗಿ ತಂದ್ರ ಮಂದಿ ನಗ್ತಾರ," ಎಂದರು ನಮ್ಮನೆಯವರು. "ಹಳೇ ಸಾಮಾನಿನ್ಯಾಗ ಮಾಡ್ಸೂಣು."

ಹಾಗೆ ಬಂದವನು ಮೌನೇಶಪ್ಪ ಬಡಿಗೇರ. ಅರವತ್ತು ದಾಟಿದ ಮನುಷ್ಯ, ಕಣ್ಣಿನ ಚಾಳೀಸಿನ ಕಾಲು ಮುರಿದಲ್ಲಿ ದಾರ ಕಟ್ಟಿಕೊಂಡಿದ್ದ. ಹಳೆಯ ಮರವನ್ನು ಕೈಗೆತ್ತಿಕೊಂಡರೆ ಮೊದಲು ಬೆರಳಿನಿಂದ ಬಡಿದು ಕಿವಿಗೊಡುತ್ತಿದ್ದ, ಆಮೇಲೆ ಮೂಸುತ್ತಿದ್ದ. ಡಾಕ್ಟರೂ ನಮ್ಮನ್ನು ಅಷ್ಟು ನೋಡುವುದಿಲ್ಲ. ಮರದಲ್ಲಿದ್ದ ಹಳೆಯ ಮೊಳೆಗಳನ್ನೆಲ್ಲ ಕಿತ್ತು, ಕಲ್ಲಿನ ಮೇಲಿಟ್ಟು, ಸುತ್ತಿಗೆಯಿಂದ ಟಕ್ ಟಕ್ ಎಂದು ನೆಟ್ಟಗೆ ಮಾಡಿ ಒಂದು ಡಬ್ಬಿಗೆ ಹಾಕುತ್ತಿದ್ದ.

"ಅಂಗಡ್ಯಾಗ ಹೊಸಾ ಮೊಳಿ ಸಿಗ್ತಾವಲ್ಲೋ," ಎಂದೆ.

"ಹಳೇ ಮರಕ್ಕ ಹೊಸಾ ಮೊಳಿ ಹೊಡದ್ರ ಸೀಳತೈತ್ರೀ ಅವ್ವಾರ. ಹಳೇ ಮೊಳಿಗೆ ದಾರಿ ಗೊತ್ತಿರತೈತಿ."

ಇಷ್ಟು ಚೆಂದ ಮಾತಾಡುವವರ ಮೇಲೆ ನನಗೆ ತಕ್ಷಣ ಅನುಮಾನ ಬರುತ್ತದೆ. ಅವತ್ತು ಸಂಜೆ ಅವನು ಹೋದ ಮೇಲೆ ಡಬ್ಬಿ ಬಗ್ಗಿಸಿ ಎಣಿಸಿದೆ. ನೂರಾ ಹನ್ನೆರಡು ಮೊಳೆ. ಮರುದಿನ ಅವನು ಬರುವ ಮೊದಲು ಮತ್ತೊಮ್ಮೆ ಎಣಿಸಿದೆ. ಅಷ್ಟೇ ಇದ್ದವು. ನಮ್ಮನೆಯವರು ಪೇಪರಿನ ಮೇಲಿಂದ ನೋಡಿ, "ರಾತ್ರಿ ಮರೀ ಹಾಕ್ಯಾವೇನು?" ಎಂದರು.

ಸಾಮಾನು ಒಂದೊಂದಾಗಿ ಕೂಡತೊಡಗಿತು. ಪಕ್ಕದ ಓಣಿಯಲ್ಲಿ ಕೆಡವಿದ ಮನೆಯ ಹಂಚು, ಯಾರದೋ ದನದ ಕೊಟ್ಟಿಗೆಯ ತಗಡು. ಅಟ್ಟದ ಮೇಲಿದ್ದ ನನ್ನ ಕಾನ್ವೆಂಟಿನ ಕರಿ ಟ್ರಂಕೂ ಕೆಳಗಿಳಿಯಿತು. ತಳ ತುಕ್ಕು ಹಿಡಿದು ಉದುರಿತ್ತು, ಮುಚ್ಚಳ ಮಾತ್ರ ಗಟ್ಟಿ. ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಹೆಸರು, ಹಾಸ್ಟೆಲಿನ ನಂಬರು. ಮೌನೇಶಪ್ಪ ಅದನ್ನು ಮೂಲೆಯಲ್ಲಿ ಮಳೆಯ ಇರಚಲು ತಡೆಯಲು ಬಡಿದ. ಈಗಲೂ ಹಿತ್ತಲಿಗೆ ಹೋದರೆ ನನ್ನ ಹೆಸರೇ ನನ್ನನ್ನು ದುರುಗುಟ್ಟಿ ನೋಡುತ್ತದೆ.

ಸಾಲದ್ದು ಕದ ಒಂದೇ. ಆಗಲೇ ನನ್ನ ತಮ್ಮನ ಮಗ ಬಸವರಾಜನ ಫೋನ್ ಬಂತು. ಅವನು ನಮ್ಮ ತವರು ಹತ್ತಿಮತ್ತೂರಿನಲ್ಲಿ ಹೊಲ ಮಾಡಿಕೊಂಡಿದ್ದಾನೆ.

"ಅತ್ತೀ, ಕಟ್ಟಿಗಿ ಮನಿ ಕಟ್ಸಾಕತ್ತೀರಂತ. ಹೊಲದಾಗಿನ ಹಳೇ ಗುಡಿಸಲಾ ಕೆಡವೇನಿ. ಜಂತಿ, ಕದ ಎಲ್ಲಾ ಟೆಂಪೋದಾಗ ಹಾಕಿ ಕಳಸ್ತೇನಿ."

"ಯಾಕ?" ಎಂದೆ.

"ಯಾಕಂದ್ರ? ನಿಮಗ ಬೇಕಲ್ಲ, ಅದಕ್ಕ."

ಬೇಕಾದದ್ದನ್ನು ಕೇಳದೆ ಕೊಡುವ ಸಂಬಂಧಿಕರನ್ನು ನಾನು ನೋಡಿಲ್ಲ. ಫೋನಿಟ್ಟವಳೇ ನಮ್ಮನೆಯವರಿಗೆ ಹೇಳಿದೆ: "ಹೊಲದ ಕಾಗದಕ್ಕ ನನ್ನ ಸಹಿ ಬೇಕಾಗಿರಬೇಕು ನೋಡ್ರಿ. ಕಟ್ಟಿಗಿ ಹಿಂದ ಕಾಗದ ಬರತೈತಿ." ಎರಡು ದಿನ ನನ್ನ ಕನ್ನಡಕವನ್ನು ಬೇಕೆಂದೇ ಅಡಗಿಸಿಟ್ಟೆ. ಓದಲು ಕನ್ನಡಕವೇ ಇಲ್ಲದಿದ್ದರೆ ಸಹಿ ಹೇಗೆ ಮಾಡುವುದು? ಟೆಂಪೋ ಬಂತು. ಜಂತಿ ಬಂತು, ಕದ ಬಂತು. ಕಾಗದ ಬರಲಿಲ್ಲ. ಅದೂ ಒಂದು ಅನುಮಾನವೇ ಆಯಿತು.

ಮರುದಿನ ಮುಂಜಾನೆ ಅಡಿಗೆಮನೆಯ ಕಿಟಕಿಯಲ್ಲಿ ಅಕ್ಕಿ ಆರಿಸುವ ನೆಪದಲ್ಲಿ ಕೂತಿದ್ದೆ. ಮೌನೇಶಪ್ಪ ಆ ಕದವನ್ನು ಎರಡು ಕಲ್ಲಿನ ಮೇಲೆ ಅಡ್ಡ ಮಲಗಿಸಿ ತಂತಿ ಬ್ರಶ್ಶಿನಿಂದ ತಿಕ್ಕುತ್ತಿದ್ದ. ಮಣ್ಣು, ಮಸಿ, ಸಗಣಿ ಪದರು ಪದರಾಗಿ ಎದ್ದು ಬರುತ್ತಿತ್ತು.

"ಅವ್ವಾರ, ತ್ಯಾಗದ ಕದಾರೀ, ಸಾಗವಾನಿ. ಕಬ್ಬಿಣ ಆದಂಗ ಆಗೈತಿ. ಒಳಮಗ್ಗಲಾ ಯಾರೋ ಮೊಳೀಲೆ ಗೀಚ್ಯಾರ ನೋಡ್ರಿ. ರಂದಾ ಹೊಡದು ಸಾಫ್ ಮಾಡ್ಲೇನು?"

ಎದ್ದು ಹೋಗಿ ನೋಡಿದೆ. ಸಾಲಾಗಿ ನಿಂತ ಗೀಟುಗಳು. ಹತ್ತು, ಅದರ ಕೆಳಗೆ ಹತ್ತು, ಅದರ ಕೆಳಗೆ ಮೂರು. ಕೊನೆಯ ಗೀಟು ಅರ್ಧಕ್ಕೆ ಸೊಟ್ಟಾಗಿತ್ತು. ಅವನು ಆಗಲೇ ಮರ ಹೆರೆಯುವ ರಂದಾ ಕೈಗೆತ್ತಿಕೊಂಡಿದ್ದ.

"ಬ್ಯಾಡ," ಎಂದೆ. "ಕೈ ತಗಿ. ಇವತ್ತ ನೀ ಮನಿಗೆ ಹೋಗು."

ಅವನು ನನ್ನ ಮುಖ ನೋಡಿ, ರಂದಾ ಚೀಲಕ್ಕೆ ಹಾಕಿಕೊಂಡು ಹೋದ. ನಾನು ಅಕ್ಕಿಯ ಮೊರ ತೊಡೆಯ ಮೇಲಿಟ್ಟುಕೊಂಡು ಆ ಕದದ ಮುಂದೆ ಕೂತೆ. ಯಾಕೆಂದರೆ ಆ ಗೀಟು ಎಳೆದವಳು ನಾನು. ಮತ್ತು ಆ ಕದ ಅರವತ್ತು ವರ್ಷಕ್ಕೂ ಹಿಂದೆ ಸುಟ್ಟು ಬೂದಿಯಾಗಿತ್ತು. ಹೋಳಿಯ ಕಾಮಣ್ಣನ ಜೊತೆಗೆ. ಹಾಗೆಂದು ಊರೇ ನಂಬಿತ್ತು. ನನ್ನ ಮಾತಿನ ಮೇಲೆ.

ಆಗ ನನಗೆ ಹನ್ನೊಂದು ವರ್ಷ. ಹಾಸ್ಟೆಲಿನಲ್ಲಿ ಹುಡುಗಿಯರಿಗೆಲ್ಲ ಮಂಪ್ಸ್ ಎದ್ದಿತೆಂದು ಸಿಸ್ಟರ್‌ಗಳು ಎಲ್ಲರನ್ನೂ ಮನೆಗೆ ಕಳಿಸಿದ್ದರು. ಕೆನ್ನೆ ಊದಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಹತ್ತಿಮತ್ತೂರಿಗೆ ಬಂದೆ. ಕೆನ್ನೆಯ ಬಾವು ಸ್ವಲ್ಪ ಇಳಿದದ್ದೇ ಬೇಸರ ಬಂತು. ಎದುರು ಮನೆಯ ಶಾಂತಾ ನನ್ನ ವಾರಿಗೆಯವಳು, ಎರಡನೇ ಇಯತ್ತೆಗೆ ಸಾಲಿ ಬಿಟ್ಟವಳು. ಅವಳನ್ನು ಹಿಡಿದು ದನದ ಮನೆಯಲ್ಲಿ ಕಾನ್ವೆಂಟ್ ತೆರೆದೆ. ನಾನೇ ಸಿಸ್ಟರ್, ಅವಳೊಬ್ಬಳೇ ಸ್ಟೂಡೆಂಟ್, ಎಮ್ಮೆಗಳು ಹಿಂದಿನ ಬೆಂಚು. ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಹೆಸರು ಬರೆದು ಶಿಕ್ಷೆ ಕೊಡುತ್ತಿದ್ದರು. ಅದನ್ನೇ ನಾನೂ ತಂದೆ. ಶಾಂತಾ ಒಂದು ಕನ್ನಡ ಮಾತು ಆಡಿದರೆ ಕದದ ಒಳಮಗ್ಗುಲಿಗೆ ಮೊಳೆಯಿಂದ ಒಂದು ಗೀಟು.

ಅವಳಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ಹೀಗಾಗಿ ಮೊದಲ ದಿನವೇ ಹತ್ತು ಗೀಟು. ಇಪ್ಪತ್ಮೂರನೆಯದನ್ನು ಎಳೆಯುವಾಗ ಅವಳು ನನ್ನ ಮೊಣಕೈ ತಳ್ಳಿದಳು. "ಗೀಟು ಎಳ್ಯೂದ ಕಲಸಾಕತ್ತೀಯಲ್ಲ, ಇಂಗ್ಲೀಷ್ ಯಾವಾಗ ಕಲಸ್ತಿ?" ಎಂದಳು. ನ್ಯಾಯವಾದ ಪ್ರಶ್ನೆ. ಅದಕ್ಕೂ ಒಂದು ಗೀಟು ಎಳೆಯಬೇಕೆಂದಿದ್ದೆ, ಅಷ್ಟರಲ್ಲಿ ಅವಳ ಅವ್ವ ಕರೆದಳು.

ಹೋಳಿ ಹುಣ್ಣಿಮೆ ಹತ್ತಿರವಾಯಿತು. ನಮ್ಮ ಕಡೆ ಆಗ ಕಾಮಣ್ಣನ ಸಲುವಾಗಿ ಕದ್ದ ಕಟ್ಟಿಗೆ, ಕದ್ದ ಸಗಣಿ ಕುಳ್ಳು ಕಳವಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಿತ್ತಲಲ್ಲಿ ಹೊರಗೆ ಬಿದ್ದದ್ದು ಕಾಮಣ್ಣನದು. ಮರುದಿನ ಬೈದು, ನಕ್ಕು, ಸುಮ್ಮನಾಗುತ್ತಿದ್ದರು. ಆದರೆ ಅದಕ್ಕೂ ಒಂದು ರೀತಿ ಇತ್ತು. ಮನೆಗೆ ಹತ್ತಿದ್ದನ್ನು ಮುಟ್ಟಬಾರದು. ಕದ, ಚೌಕಟ್ಟು, ನೊಗ, ತೊಟ್ಟಿಲು, ಇವಕ್ಕೆ ಕೈ ಹಚ್ಚಿದರೆ ಅದು ಆಟವಲ್ಲ.

ಹುಣ್ಣಿಮೆಯ ಮರುದಿನ ಮುಂಜಾನೆ ಹಾಲು ಹಿಂಡಲು ಹೋದ ಅವ್ವ ಕೂಗಿದಳು. ದನದ ಮನೆಗೆ ಕದವೇ ಇಲ್ಲ. ಕರು ಹೊರಗೆ ಹೋಗಿ ದೊಡ್ಡಪ್ಪನ ಬದನೆಗಿಡ ಮೇಯುತ್ತಿತ್ತು. ಅಪ್ಪ ಊರಲ್ಲಿರಲಿಲ್ಲ, ಯಾವುದೋ ಕೆಲಸಕ್ಕೆ ಶಿಗ್ಗಾವಿಗೆ ಹೋಗಿದ್ದ. ದೊಡ್ಡಪ್ಪನೇ ಯಜಮಾನಿಕೆ ವಹಿಸಿಕೊಂಡ. ಕಾಮಣ್ಣನ ಗುಂಪಿಗೆ ಮುಂದಾಳು ಶಾಂತಾಳ ಅಣ್ಣ ಮಲ್ಲಪ್ಪ. ಅವನನ್ನು ಕಟ್ಟೆಗೆ ಕರೆಸಿದರು.

"ಕುಳ್ಳು ಒಯ್ದೇವ್ರಿ. ಬೇಲಿ ಮುಳ್ಳು ಒಯ್ದೇವಿ. ಕದ ಒಯ್ದಿಲ್ಲ," ಎಂದ ಮಲ್ಲಪ್ಪ.

"ಯಾರರ ನೋಡೀರೇನು?" ಎಂದು ದೊಡ್ಡಪ್ಪ ಕೇಳಿದ.

ನಾನು ನೋಡಿದ್ದೆ. ಹಿಂದಿನ ದಿನ ಸಂಜೆ ಕಿಟಕಿಯಲ್ಲಿ ಕೂತಿದ್ದಾಗ ಹಿತ್ತಲ ಸಂದಿಯಲ್ಲಿ ಒಬ್ಬ ಗಂಡಸು ತಲೆಯ ಮೇಲೆ ಅಗಲವಾದದ್ದೇನನ್ನೋ ಹೊತ್ತು ಹೋಗಿದ್ದ. ಹೆಗಲ ಮೇಲೆ ಕೆಂಪು ವಸ್ತ್ರ. ಮಲ್ಲಪ್ಪನ ಹೆಗಲ ಮೇಲೂ ಕೆಂಪು ವಸ್ತ್ರ ಇರುತ್ತಿತ್ತು. ನಮ್ಮ ಆಳು ಫಕೀರಪ್ಪನ ಹೆಗಲ ಮೇಲೂ ಇರುತ್ತಿತ್ತು, ಊರಿನ ಅರ್ಧ ಗಂಡಸರ ಹೆಗಲ ಮೇಲೂ. ಮುಖ ನಾನು ನೋಡಿರಲಿಲ್ಲ. ಆದರೆ ಅಷ್ಟು ಮಂದಿ ದೊಡ್ಡವರು ಒಮ್ಮೆಲೇ ನನ್ನ ಕಡೆ ತಿರುಗಿದ್ದು ಅದೇ ಮೊದಲು. ಎಲೊಕ್ಯೂಷನ್ ಕ್ಲಾಸಿನಲ್ಲಿ ಕಲಿಸಿದ ಹಾಗೆ ಬೆನ್ನು ನೆಟ್ಟಗೆ ಮಾಡಿ, ಕೈ ಹಿಂದೆ ಕಟ್ಟಿ, ಸ್ಪಷ್ಟ ಉಚ್ಚಾರದಲ್ಲಿ ಹೇಳಿದೆ. "ಮಲ್ಲಪ್ಪ." ನನ್ನ ದನಿ ಎಷ್ಟು ಕ್ಲಿಯರ್ ಆಗಿತ್ತೆಂದು ನನಗೇ ಹೆಮ್ಮೆಯಾಯಿತು.

ದೊಡ್ಡಪ್ಪ ಬಾರುಕೋಲಿನಿಂದ ಎರಡು ಬಾರಿಸಿದ. ಅದಕ್ಕಿಂತ ಹೆಚ್ಚಾಗಿ ಒಂದು ಮಾತು ಹೇಳಿದ. "ಹೊಸಾ ಕದಾ ಆಗೂತನಕ ನೀನ ಕದಾ ಆಗಿ ಬಾಗಲಾಗ ಅಡ್ಡ ಮಲಕ್ಕೋ." ಕಟ್ಟೆಯ ಮೇಲಿದ್ದವರು ನಕ್ಕರು. ಮಲ್ಲಪ್ಪನಿಗೆ ಹದಿನೆಂಟು ವರ್ಷವಿರಬೇಕು. ಎರಡು ರಾತ್ರಿ ಅವನು ನಮ್ಮ ದನದ ಮನೆಯ ಬಾಗಿಲಲ್ಲಿ ಅಡ್ಡ ಮಲಗಿದ.

ಶಾಂತಾ ಒಮ್ಮೆ ಮಾತ್ರ ಬಂದಳು. ಅಂಗಳದಲ್ಲೇ ನಿಂತಳು. "ನೀ ಅವನ ಮುಖಾ ನೋಡೀಯೇನ, ಸುಮಿ?"

ಕನ್ನಡದಲ್ಲಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಯೆಸ್. ಐ ಸಾ," ಎಂದೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ತಿಳಿಯಬೇಕಾದದ್ದು ತಿಳಿಯಿತು. ತಿರುಗಿ ಹೋದಳು.

ಮೂರನೆಯ ದಿನ ಅಪ್ಪ ಬಂದ. ಬಾಗಿಲಲ್ಲಿ ಮಲಗಿದ್ದ ಮಲ್ಲಪ್ಪನನ್ನು ನೋಡಿದ. ಅವ್ವ ಎಲ್ಲವನ್ನೂ ಹೇಳಿದಳು, ಮಗಳು ಎಷ್ಟು ಧೈರ್ಯದಿಂದ ಸಾಕ್ಷಿ ಹೇಳಿದಳೆಂದೂ ಹೇಳಿದಳು. ಅಪ್ಪ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಆಮೇಲೆ ಮಲ್ಲಪ್ಪನನ್ನು ಎಬ್ಬಿಸಿ ಮನೆಗೆ ಕಳಿಸಿದ. ಅವತ್ತೇ ಬಡಿಗನನ್ನು ಕರೆಸಿ ಸಂಜೆಯೊಳಗೆ ಕದ ಮಾಡಿಸಿದ. ಯುಗಾದಿಗೆ ಮಲ್ಲಪ್ಪನಿಗೆ ಒಂದು ಜೋಡು ಧೋತರ ಕಳಿಸಿದ. "ಕಳ್ಳಗ ಧೋತ್ರಾ ಯಾಕ?" ಎಂದಳು ಅವ್ವ. "ಇರ್ಲಿ," ಎಂದ ಅಪ್ಪ. ಅಪ್ಪನಿಗೆ ಎಷ್ಟು ಕರುಣೆ ಎಂದು ಮನೆಯವರೆಲ್ಲ ಮಾತಾಡಿಕೊಂಡೆವು. ನಾನು ಕಾನ್ವೆಂಟಿಗೆ ಮರಳಿ, ಫರ್ಗಿವ್‌ನೆಸ್ ಎಂಬ ವಿಷಯದ ಮೇಲೆ ಬರೆದ ಎಸ್ಸೇಯಲ್ಲಿ ಅಪ್ಪನ ಧೋತರದ ಕಥೆ ಬರೆದೆ. ಸಿಸ್ಟರ್ 'ಗುಡ್' ಎಂದು ಬರೆದಿದ್ದರು.

ಈಗ ಆ ಕದ ನನ್ನ ಹಿತ್ತಲಲ್ಲಿ ಎರಡು ಕಲ್ಲಿನ ಮೇಲೆ ಮಲಗಿತ್ತು.

ಬಸವರಾಜನಿಗೆ ಫೋನ್ ಹಚ್ಚಿದೆ. "ಆ ಕದಾ ಎಲ್ಲಿದೋ?"

"ಹೊಲದ ಗುಡಿಸಲದ್ರಿ ಅತ್ತಿ. ನಮ್ಮಜ್ಜ ಕಲ್ಲಂಗಡಿ ಕಾಯಾಕ ಕಟ್ಟಿದ್ದ ಗುಡಿಸಲಾ. ಅದರ ಕದಾ ಮಾತ್ರ ಮನಿಗೆ ತರಬ್ಯಾಡ್ರಿ ಅಂತ ಅಜ್ಜ ನಮ್ಮಪ್ಪಗ ಹೇಳಿದ್ನಂತ. ಯಾಕಂತ ಯಾರೂ ಕೇಳ್ಲಿಲ್ಲ. ಅದಕ್ಕ ನೋಡ್ರಿ, ನಮ್ಮ ಮನಿಗೆ ತರಲಿಲ್ಲ, ನಿಮ್ಮ ಮನಿಗೆ ಕಳಸೇನಿ."

ಫೋನ್ ಕೆಳಗಿಟ್ಟೆ. ಆ ವರ್ಷವೇ ಅಪ್ಪ ಕಲ್ಲಂಗಡಿ ಹಾಕಿದ್ದ. ಗುಡಿಸಲಿಗೆ ದನದ ಮನೆಯ ಕದ ಒಯ್ಯಲು ಫಕೀರಪ್ಪನಿಗೆ ಹೇಳಿ ತಾನು ಶಿಗ್ಗಾವಿಗೆ ಹೋಗಿದ್ದಾನೆ. ಫಕೀರಪ್ಪ ಒಯ್ದು ಹಚ್ಚಿ ಅಲ್ಲೇ ಕಾವಲು ಕೂತಿದ್ದಾನೆ. ಹೋಳಿಯ ದಿನ ಕಟ್ಟಿಗೆ ಕಾಣೆಯಾದರೆ ಅದನ್ನು ಕಾಮಣ್ಣನ ತಲೆಗೆ ಕಟ್ಟದೆ ಬೇರೆ ಯೋಚನೆ ನಮ್ಮೂರಿನಲ್ಲಿ ಯಾರಿಗೂ ಬರುವಂತಿರಲಿಲ್ಲ. ಅಪ್ಪ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಿಜ ಹೇಳಿದರೆ ಅಣ್ಣನ ಮರ್ಯಾದೆ ಹೋಗುತ್ತದೆ, ಮಗಳು ಸುಳ್ಳಿಯಾಗುತ್ತಾಳೆ. ಸುಮ್ಮನಾದ, ಫಕೀರಪ್ಪನನ್ನೂ ಸುಮ್ಮನಾಗಿಸಿದ. ಧೋತರ ಕಳಿಸಿದ.

ಹಾಲಿನವನಿಂದ ಹಿಡಿದು ಮಶೀನಿನವರೆಗೆ ಎಲ್ಲರನ್ನೂ ಅನುಮಾನಿಸಿದವಳು ನಾನು. ಜೀವನದಲ್ಲಿ ಅನುಮಾನಿಸದೆ ಬಿಟ್ಟದ್ದು ಇಬ್ಬರನ್ನೇ. ಒಬ್ಬ ಅಪ್ಪ. ಇನ್ನೊಬ್ಬಳು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

"ಶಾಂತಾಗ ಹೇಳಬೇಕು," ಎಂದೆ ನಮ್ಮನೆಯವರಿಗೆ. ಮಲ್ಲಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಶಾಂತಾ ಮದುವೆಯಾಗಿ ತಿಳವಳ್ಳಿಯಲ್ಲಿದ್ದಳು. ಇಷ್ಟು ವರ್ಷ ಮದುವೆ ಮುಂಜಿಗಳಲ್ಲಿ ಸಿಕ್ಕರೆ, "ಆರಾಮೇನ್ರಿ ಸುಮಿತ್ರಾಬಾಯಾರ, ಊಟಾತೇನ್ರಿ" ಎನ್ನುತ್ತಿದ್ದಳು. ಅಷ್ಟೇ. ಅವಳ ಆ 'ಬಾಯಾರ' ಎಂಬ ಮಾತು ನನಗೆ ಬಾರುಕೋಲಿನಂತೆ ಕೇಳಿಸುತ್ತಿತ್ತು.

"ಹೇಳಿ ಏನ್ ಮಾಡ್ತಿ? ಅಂವಂತೂ ಇಲ್ಲ," ಎಂದರು ಅವರು. "ನಿನ್ನ ಮನಸ ಹಗರಾಗ್ಲಿ ಅಂತ ಹೇಳ್ತೀಯೋ, ಆಕೀಗೆ ಗೊತ್ತಾಗ್ಲಿ ಅಂತ ಹೇಳ್ತೀಯೋ? ಅದನ್ನ ಮದ್ಲ ನೋಡ್ಕೋ."

ಗಣಿತದವರು ಮಾತಾಡುವುದು ಕಡಿಮೆ, ಆಡಿದರೆ ಹೀಗೆ. ನನ್ನ ಮೇಲೆ ನನಗೇ ಅನುಮಾನ ಬಂತು. ಮೂರು ದಿನ ಯೋಚಿಸಿದೆ. ಅವಳು ನನ್ನ ಮುಖ ನೋಡದಿದ್ದರೂ ಅಡ್ಡಿಯಿಲ್ಲ, ತನ್ನ ಅಣ್ಣ ಕಳ್ಳನಲ್ಲವೆಂದು ಅವಳಿಗೆ ಕಣ್ಣಾರೆ ಕಾಣಬೇಕು ಎಂಬಲ್ಲಿಗೆ ಬಂದು ನಿಂತೆ. ಆಮೇಲೆ ಫೋನ್ ಮಾಡಿದೆ.

"ಶಾಂತಾ, ಒಂದ್ಸಲ ಹಾನಗಲ್ಲಿಗೆ ಬಾ. ಹಿತ್ತಲದಾಗ ಕಟ್ಟಿಗಿ ಮನಿ ಕಟ್ಸೇನಿ. ನೋಡೂವಂತಿ."

"ಕಟ್ಟಿಗಿ ಮನಿ ನೋಡಾಕ ಯಾರರ ಬಸ್ ಹತ್ತಿ ಬರ್ತಾರೇನ್ರಿ? ಏನ್ ವಿಷಯ ಹೇಳ್ರಿ ಬಾಯಾರ." ಅನುಮಾನ ನನ್ನೊಬ್ಬಳ ಸ್ವತ್ತಲ್ಲ.

"ಬಂದು ನೋಡು," ಎಂದಷ್ಟೇ ಹೇಳಿದೆ.

ಬಂದಳು. ಮಂಗಳವಾರ ಮಧ್ಯಾಹ್ನದ ಬಸ್ಸಿಗೆ, ಕೈಯಲ್ಲಿ ಚೀಲ, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು. ಮೌನೇಶಪ್ಪ ಆಗ ಕೊನೆಯ ಹಂಚು ಹೊಂದಿಸುತ್ತಿದ್ದ. ಕದ ಹಚ್ಚಿಯಾಗಿತ್ತು. ನಾನು ಚಹಾ ಕೊಡುವ ಮೊದಲೇ ಅವಳನ್ನು ಹಿತ್ತಲಿಗೆ ಕರೆದೊಯ್ದು ಕದ ತೆರೆದು ಒಳಮಗ್ಗುಲು ತೋರಿಸಿದೆ.

ಶಾಂತಾ ಚೀಲ ಕೆಳಗಿಟ್ಟಳು. ಒಂದೊಂದೇ ಗೀಟಿನ ಮೇಲೆ ಬೆರಳಿಟ್ಟು ಎಣಿಸಿದಳು. ಕೊನೆಯ ಸೊಟ್ಟ ಗೀಟಿಗೆ ಬಂದು ಬೆರಳು ನಿಂತಿತು.

"ಸುಟ್ಟಿದ್ದಿಲ್ಲ," ಎಂದಳು.

"ಇಲ್ಲ. ನಮ್ಮಪ್ಪನ ಗುಡಿಸಲದಾಗ ಇತ್ತು. ಫಕೀರಪ್ಪ ಒಯ್ದಿದ್ದು. ಅಪ್ಪನ ಒಯ್ಯಾಕ ಹೇಳಿದ್ದ."

ಅವಳು ಹೊಸ್ತಿಲ ಹತ್ತಿರ ನೆಲವನ್ನು ನೋಡಿದಳು. "ನಮ್ಮಣ್ಣ ಸಾಯೂತನಕ ಯಾರ ಮನ್ಯಾಗೂ ಬಾಗಲ ಕಡೆ ಮಲಗಲಿಲ್ಲ," ಎಂದಳು. "ಬ್ಯಾಸಗ್ಯಾಗ ಎಲ್ಲಾರೂ ಗಾಳಿಗೆ ಬಾಗಲ ಹತ್ರ ಹಾಸ್ಕೋತಿದ್ವಿ. ಅಂವ ಒಳಗ ಮೂಲ್ಯಾಗ, ಸೆಕಿಯೊಳಗ."

ಮೂರು ದಿನ ಒಟ್ಟು ಹಾಕಿಟ್ಟ ಮಾತುಗಳಲ್ಲಿ ಒಂದೂ ನೆನಪಾಗಲಿಲ್ಲ. ನಾಲಿಗೆಯ ತುದಿಗೆ ಸುಲಭವಾಗಿ ಇದ್ದದ್ದು ಹೊರಗೆ ಬಿತ್ತು. "ಐ ಆ್ಯಮ್ ಸಾರಿ, ಶಾಂತಾ."

ಅವಳು ನನ್ನನ್ನು ನೋಡಿದಳು. ಆಮೇಲೆ ಮೌನೇಶಪ್ಪನ ಕಡೆ ಕೈ ಚಾಚಿ, "ತಮ್ಮಾ, ಒಂದ್ ಮೊಳಿ ಕೊಡು," ಎಂದಳು. ಅವನು ಡಬ್ಬಿಯಿಂದ ಒಂದನ್ನು ಕೊಟ್ಟ. ಇಪ್ಪತ್ಮೂರು ಗೀಟುಗಳಿಂದ ದೂರ, ಕೆಳಗೆ ಖಾಲಿ ಇದ್ದ ಜಾಗದಲ್ಲಿ, ಒತ್ತಿ, ನಿಧಾನವಾಗಿ ಒಂದು ಗೀಟು ಎಳೆದಳು. ತೇಗದ ಮರ, ಕಬ್ಬಿಣದಂಥದು.

"ಇಂಗ್ಲೀಷ್ ಮಾತಾಡಿದ್ರ ಒಂದು ಗೀಟು, ಸುಮಿ," ಎಂದಳು. "ಕನ್ನಡದಾಗ ಹೇಳು. ನನಗ ತಿಳೀಬೇಕು."

ಮೌನೇಶಪ್ಪ ಏಣಿಯ ಮೇಲೆ ಹಂಚು ಹಿಡಿದ ಕೈ ನಿಲ್ಲಿಸಿದ್ದ. ನನ್ನ ಬೆನ್ನು ನೆಟ್ಟಗಾಗಲಿಲ್ಲ, ದನಿಯೂ ಕ್ಲಿಯರ್ ಇರಲಿಲ್ಲ.

"ನಾ ಮುಖಾ ನೋಡಿದ್ದಿಲ್ಲ," ಎಂದೆ.

ಅವಳು ತಲೆ ಅಲ್ಲಾಡಿಸಿದಳು. ಮೊಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ಚಾ ಇಡ್ತೀಯೋ, ಇಲ್ಲಾ ಕಟ್ಟಿಗಿ ಮನಿ ಒಂದ ತೋರಿಸಿ ಕಳಸ್ತೀಯೋ?" ಎಂದಳು.

ಸಂಜೆ ಅವಳನ್ನು ಬಸ್ಸಿಗೆ ಹತ್ತಿಸಿ ಬಂದೆವು. ಮೌನೇಶಪ್ಪನೂ ಕೆಲಸ ಮುಗಿಸಿ, ಉಳಿದ ಮೊಳೆಗಳ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಹೋಗಿದ್ದ. ರೂಢಿ ಬಿಡಬೇಕಲ್ಲ, ಬಗ್ಗಿಸಿ ಎಣಿಸಿದೆ. ಮುಂಜಾನೆಗಿಂತ ಒಂದು ಕಡಿಮೆ.

"ಏನ, ಲೆಕ್ಕ ತಪ್ಪೇತೇನು?" ಎಂದರು ನಮ್ಮನೆಯವರು ಒಳಗಿನಿಂದ.

"ಇಲ್ರಿ," ಎಂದೆ. "ಬರೊಬ್ಬರಿ ಅದಾವು."